ಯಾವ ಬುಟ್ಟಿಗೂ ಸಲ್ಲದ ಕಸ

ನಮ್ಮ ಧಾರವಾಡದ ಕಡೆಯ ಹಳ್ಳಿಗಳಲ್ಲಿ ಕಸವೆಂದರೆ ಮೂಗು ಮುರಿಯುವ ವಸ್ತುವಾಗಿರಲಿಲ್ಲ. ಒಲೆಯ ಬೂದಿ, ದನದ ಸಗಣಿ, ಜೋಳದ ರವದಿ, ಕಾಯಿಪಲ್ಲೆಯ ಸಿಪ್ಪೆ ಎಲ್ಲವೂ ಹಿತ್ತಲ ತಿಪ್ಪೆಗೆ ಬಿದ್ದು, ಮಳೆಗಾಲಕ್ಕೆ ಮೊದಲು ಚಕ್ಕಡಿ ಏರಿ ಹೊಲ ಸೇರುತ್ತಿದ್ದವು. ದೊಡ್ಡ ತಿಪ್ಪೆ ಇದ್ದ ಮನೆಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲವೆಂದು ನಮ್ಮ ತಾಯಿಯವರು ಈಗಲೂ ಹೇಳುತ್ತಾರೆ. ಅಂಥ ನೆಲದಿಂದ ಬಂದು ಪುಣೆಯ ಎರಡು ಕೋಣೆಯ ಮನೆಯಲ್ಲಿ ನೆಲೆಸಿದ ನಮಗೆ, ಕಸದ ವಿಷಯದಲ್ಲಿ ಮತ್ತೆ ಅಕ್ಷರಾಭ್ಯಾಸವೇ ಆಗಬೇಕಾಯಿತು. ಹಸಿ ಕಸಕ್ಕೆ ಒಂದು ಬುಟ್ಟಿ, ಒಣ ಕಸಕ್ಕೆ ಇನ್ನೊಂದು. ಇಷ್ಟನ್ನು ಕಲಿತು ನಾವು ನಾಗರಿಕರಾದೆವೆಂದು ಬೀಗುತ್ತಿರುವಾಗಲೇ, ಈ ಎರಡೂ ಬುಟ್ಟಿಗೆ ಸಲ್ಲದ ಮೂರನೆಯ ಕಸವೊಂದಿದೆಯೆಂದು ತಿಳಿದುಬಂತು. ಅದರ ಸಂಗತಿಯನ್ನೇ ವಾಚಕರ ಮುಂದೆ ಇಡಹೊರಟಿದ್ದೇವೆ.

ಮೂರು ವರ್ಷದ ಹಿಂದೆ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಆ ಜಾತಿಯ ವಸ್ತುಗಳನ್ನೆಲ್ಲ ಒಂದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟೆವು. ಕೆಟ್ಟ ಎರಡು ಟ್ಯೂಬ್‌ಲೈಟು, ನಾಲ್ಕು ಸಿ.ಎಫ್.ಎಲ್. ಬಲ್ಬು, ರಿಮೋಟಿನ ಮುಗಿದ ಸೆಲ್ಲುಗಳು, ಹೊಟ್ಟೆ ಉಬ್ಬಿದ ಒಂದು ಮೊಬೈಲ್ ಬ್ಯಾಟರಿ, ಕಿಟಕಿಗೆ ಬಳಿದು ಉಳಿದ ಅರ್ಧ ಡಬ್ಬಿ ಬಣ್ಣ, ಜಿರಲೆ ಔಷಧದ ಡಬ್ಬಿ, ಅವಧಿ ಮೀರಿದ ಮಾತ್ರೆಗಳು, ತಂದೆಯವರ ಕಾಲದ ಪಾದರಸದ ಥರ್ಮಾಮೀಟರು, ಮತ್ತು ತಾಯಿಯವರ ಇನ್ಸುಲಿನ್ ಸೂಜಿಗಳಿಂದ ಕುತ್ತಿಗೆಯವರೆಗೆ ತುಂಬಿದ ದಪ್ಪ ಪ್ಲಾಸ್ಟಿಕ್ ಬಾಟಲಿ. ಸೂಜಿಗಳನ್ನು ಹೀಗೆ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯಬೇಕೆಂದು ದವಾಖಾನೆಯ ನರ್ಸಬಾಯಿ ಹೇಳಿದ್ದನ್ನು ನಮ್ಮ ತಾಯಿ ವ್ರತದಂತೆ ನಡೆಸಿಕೊಂಡು ಬಂದಿದ್ದರು. ಎಲ್ಲ ಸೇರಿ ತೂಗಿದರೆ ನಾಲ್ಕೈದು ಕಿಲೋ ಆದೀತು. ಅಂದು ಮನೆಗೆ ಬಂದಿದ್ದ ನೆಂಟರೊಬ್ಬರು ನಕ್ಕು, "ಇಷ್ಟಕ್ಕ ಎಷ್ಟು ವಿಚಾರ ಮಾಡ್ತೀರಿ? ದಿನಾ ಒಂದೊಂದು ಕಸದಾಗ ಹಾಕಿ ಕಳಿಸಿಬಿಡ್ರಿ, ಯಾರಿಗೆ ಗೊತ್ತಾಗ್ತದ?" ಎಂದರು. ಗೊತ್ತಾಗುವುದಿಲ್ಲ, ನಿಜ. ತೊಡಕು ಇರುವುದೂ ಅಲ್ಲಿಯೇ.

ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್‌ಸಿ. ಮಾಡಿ, ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಹೊತ್ತ ನಮಗೆ, ಓದಿದ ರಸಾಯನಶಾಸ್ತ್ರ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ. ಜ್ವರ ನೋಡುವ ಗಾಜಿನ ಥರ್ಮಾಮೀಟರಿನಲ್ಲಿ ಸುಮಾರು ಅರ್ಧ ಗ್ರಾಂ ಪಾದರಸವಿರುತ್ತದೆ. ಸಿ.ಎಫ್.ಎಲ್. ಬಲ್ಬಿನಲ್ಲಿ ಕೆಲವೇ ಮಿಲಿಗ್ರಾಂ. ಕೊಠಡಿಯ ಸಾಮಾನ್ಯ ಉಷ್ಣತೆಯಲ್ಲಿಯೇ ಅದು ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಸೇರಿದರೆ ಸೂಕ್ಷ್ಮಜೀವಿಗಳ ಮೂಲಕ ಇನ್ನೂ ಘೋರವಾದ ರೂಪ ತಾಳಿ ಮೀನುಗಳಲ್ಲಿ ಶೇಖರವಾಗುತ್ತದೆ. ಜಪಾನಿನ ಮಿನಮಾಟಾ ಎಂಬ ಊರಿನಲ್ಲಿ ಕಾರ್ಖಾನೆಯೊಂದು ಕಡಲಿಗೆ ಬಿಟ್ಟ ಪಾದರಸದಿಂದ ಜನರ ನರಮಂಡಲವೇ ಕೆಟ್ಟದ್ದು 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಇನ್ನು ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಒತ್ತಡಕ್ಕೆ ಸಿಕ್ಕರೆ ಬೆಂಕಿ ಹತ್ತುತ್ತದೆ. ಮಾತ್ರೆಗಳನ್ನು ಮೋರಿಗೆ ಸುರಿದರೆ, ಹೊಲಸು ನೀರು ಶುದ್ಧ ಮಾಡುವ ಯಂತ್ರಗಳು ಅವನ್ನು ಪೂರ್ತಿಯಾಗಿ ತೆಗೆಯಲಾರವು. ಅವು ನದಿ ಸೇರುತ್ತವೆ.

ಸರಕಾರಕ್ಕೆ ಇದು ತಿಳಿಯದ ವಿಷಯವಲ್ಲ. 2016ರ ಏಪ್ರಿಲಿನಲ್ಲಿ ಹೊರಬಂದ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಇದಕ್ಕೆ 'ಗೃಹ ಅಪಾಯಕಾರಿ ತ್ಯಾಜ್ಯ' ಎಂದು ನಾಮಕರಣ ಮಾಡಿ, ಮನೆಯವರು ಇದನ್ನು ಬೇರೆಯಾಗಿಯೇ ಇಡಬೇಕೆಂದವು. ಅದಕ್ಕಿಂತ ಮುಖ್ಯವಾಗಿ, ನಗರದ ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಸ್ಥಳೀಯ ಸಂಸ್ಥೆಯು ಸ್ವೀಕಾರ ಕೇಂದ್ರ ತೆರೆಯಬೇಕು, ಅದರ ವೇಳೆಯನ್ನು ಪ್ರಕಟಿಸಬೇಕು, ಅಲ್ಲಿಂದ ಸುರಕ್ಷಿತವಾಗಿ ಸಾಗಿಸಬೇಕು ಎಂದೂ ವಿಧಿಸಿದವು. 2026ರ ಹೊಸ ನಿಯಮಗಳು ಹಸಿ, ಒಣ, ನೈರ್ಮಲ್ಯದ ಕಸ, ವಿಶೇಷ ಎಚ್ಚರಿಕೆಯ ಕಸ ಎಂದು ನಾಲ್ಕು ಭಾಗ ಮಾಡಿವೆ. ಇಂದೂರಿನಲ್ಲಿ ಮನೆಮನೆಗೆ ಬರುವ ಕಸದ ಗಾಡಿಯಲ್ಲಿಯೇ ಇಂಥ ಕಸಕ್ಕೆ ಪ್ರತ್ಯೇಕ ಖಾನೆಯಿದೆ. ದಾರಿ ಇಲ್ಲವೆನ್ನುವಂತಿಲ್ಲ. ದಾರಿಗೂ ಮನೆಯ ಬಾಗಿಲಿಗೂ ನಡುವೆ ಕೆಲವು ಹೆಜ್ಜೆಗಳ ಅಂತರವಿದೆ, ಅಷ್ಟೆ.

ಆ ಅಂತರದಲ್ಲಿ ನಿಂತವರು ಯಾರೆಂಬುದು ನಮಗೆ ಮರುವರ್ಷದ ಸಂಕ್ರಾಂತಿಯ ಹೊತ್ತಿಗೆ ತಿಳಿಯಿತು. ನಮ್ಮ ಕಟ್ಟಡದ ಕಸ ಒಯ್ಯುವ ಹೆಣ್ಣುಮಗಳು ಕಲಬುರಗಿ ಜಿಲ್ಲೆಯವಳು. ಕಟ್ಟಡದವರೆಲ್ಲ 'ಮಾವಶಿ' ಎಂದು ಮರಾಠಿಯಲ್ಲಿ ಕರೆದರೆ, ನಮ್ಮ ತಾಯಿ ಮಾತ್ರ "ಬಾ ಯವ್ವಾ" ಎನ್ನುವರು. ಅಂದು ಅವಳು ಬೆರಳಿಗೆ ಸೀರೆಯ ಸೆರಗು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಣ ಕಸ ಬೇರ್ಪಡಿಸುವಾಗ ಒಂದು ಸೂಜಿ ಚುಚ್ಚಿತ್ತು. ಅದು ನಮ್ಮ ಕಟ್ಟಡದ್ದೋ, ಪಕ್ಕದ ಕಟ್ಟಡದ್ದೋ ಯಾರು ಹೇಳಬೇಕು? ಎರಡೂ ಕಡೆ ಸೇರಿ ಸಕ್ಕರೆ ರೋಗದವರಿಗೆ ಬರಗಾಲವಿಲ್ಲ. "ಹೋಗ್ಲಿ ಬಿಡ್ರಿ ಅವ್ವಾರ, ಅರಿಶಿಣ ಹಚ್ಚಿದ್ರ ಮಾಯ್ತದ" ಎಂದಳು. ನಮ್ಮ ಮನೆಯವರು ಬಿಡಲಿಲ್ಲ. ಗಾಯವನ್ನು ಸಾಬೂನಿನಿಂದ ತೊಳೆಸಿ, ಸರಕಾರಿ ದವಾಖಾನೆಗೆ ತಾವೇ ಕರೆದುಕೊಂಡು ಹೋದರು.

ಇಂಥ ಗಾಯಕ್ಕೆ ಕಾಮಾಲೆಯ ಎರಡು ಬಗೆ ಮತ್ತು ಎಚ್.ಐ.ವಿ. ಇವುಗಳ ಭಯವಿರುತ್ತದೆ. ಎಚ್.ಐ.ವಿ. ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ತಡವಾದರೂ 72 ಗಂಟೆಯ ಒಳಗೆ ಆರಂಭಿಸಬೇಕು. 28 ದಿನ ಬಿಡದೆ ನುಂಗಬೇಕು. ಡಾಕ್ಟರರು ಮಾತ್ರೆ ಕೊಟ್ಟರು, ಲಸಿಕೆ ಹಾಕಿದರು, ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬರಹೇಳಿದರು. ಮೊದಲಿನ ಹದಿನೈದು ದಿನ ಅವಳಿಗೆ ಉಂಡದ್ದು ನಿಲ್ಲಲಿಲ್ಲ. ಕೆಲಸ ಬಿಟ್ಟರೆ ಕೂಲಿಯಿಲ್ಲವೆಂದು ಆ ಓಕರಿಕೆಯಲ್ಲಿಯೇ ನಾಲ್ಕು ಮಹಡಿ ಹತ್ತಿ ಇಳಿದಳು. ಮನೆಯಲ್ಲಿ ಮಾತ್ರೆಯ ಹೆಸರು ಹೇಳಲಿಲ್ಲ. "ಸೊಸಿಗೆ ತಿಳಿದ್ರ ಮೊಮ್ಮಗನ್ನ ಎತ್ತಿಕೊಳ್ಳಾಕ ಕೊಡ್ತಾಳೇನ್ರಿ?" ಎಂದು ನಮ್ಮ ತಾಯಿಯ ಎದುರು ಒಮ್ಮೆ ಕೇಳಿದಳಂತೆ. ಮಾತ್ರೆಯ ಚೀಟಿಯನ್ನು ನಮ್ಮ ಮನೆಯ ದೇವರ ಮಾಡದಲ್ಲಿ ಇಟ್ಟು, ದಿನವೂ ಬಂದು ನುಂಗಿ ಹೋಗುತ್ತಿದ್ದಳು. ಮೂರು ತಿಂಗಳ ಮೇಲೆ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಅಂದು ಅವಳು ನಮ್ಮ ಮನೆಯ ಚಹಾ ಕುಡಿದು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಹೋದಳು.

ಆ ಮೇಲೆ ಕಟ್ಟಡದ ಸಭೆ ಸೇರಿತು. ತೆರಿಗೆ ಕಟ್ಟುತ್ತೇವೆ, ಮಿಕ್ಕದ್ದು ನಗರಪಾಲಿಕೆಯ ಕೆಲಸ ಎಂದು ಕೆಲವರೆಂದರು. ನಾವು ಹೇಳಿದ್ದು ಇಷ್ಟೇ: ಪಾಲಿಕೆಯ ಹೊಣೆ ಇದ್ದೇ ಇದೆ, ಆದರೆ ನಮ್ಮ ಬುಟ್ಟಿಗೆ ಮೊದಲು ಕೈಹಾಕುವುದು ಪಾಲಿಕೆಯಲ್ಲ, ಒಂದು ಹೆಣ್ಣುಮಗಳು. ಪುಣೆಯ ಕಸ ಆಯುವವರು 1993ರಲ್ಲಿಯೇ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘಟನೆ ಕಟ್ಟಿಕೊಂಡವರು. ಅದರಿಂದ ಹುಟ್ಟಿದ 'ಸ್ವಚ್ಛ' ಸಹಕಾರಿ ಸಂಸ್ಥೆ, ಬಳಸಿದ ನೈರ್ಮಲ್ಯದ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಬೊಟ್ಟು ಇಡಿರೆಂದು ಮನೆಮನೆಗೆ ಹೇಳುತ್ತ ಬಂದಿದೆ. ಒಂದು ಕೆಂಪು ಬೊಟ್ಟಿಗೆ ಎಷ್ಟು ಖರ್ಚು?

ಕೊನೆಗೆ ಸಭೆ ಒಪ್ಪಿತು. ಜಿನೆಯ ಕೆಳಗೆ ಬೀಗವಿರುವ ಒಂದು ಪೆಟ್ಟಿಗೆ ಬಂತು. ಅರ್ಜಿ ಬರೆಯುವ ಕೆಲಸ ಸಹಜವಾಗಿ ನಮ್ಮ ಪಾಲಿಗೆ ಬಂತು. ಇಪ್ಪತ್ತು ವರ್ಷದಿಂದ ಅನ್ನ ಕೊಟ್ಟ ವಿದ್ಯೆಯಲ್ಲವೆ? ನಿಯಮದ ವರ್ಷ, ಇಪ್ಪತ್ತು ಚದರ ಕಿಲೋಮೀಟರಿನ ಮಾತು ಎಲ್ಲ ನಮೂದಿಸಿ, ಇಪ್ಪತ್ತೆಂಟು ಮನೆಯವರ ಸಹಿ ಹಾಕಿಸಿ ವಾರ್ಡ್ ಕಚೇರಿಗೆ ಒಯ್ದೆವು. ಮೇಜಿನಾಚೆಯ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ಮೊಹರು ಒತ್ತಿ, ಆವಕ ಸಂಖ್ಯೆ ಬರೆದುಕೊಟ್ಟರು. ತಿಂಗಳೊಳಗೆ ಪೆಟ್ಟಿಗೆಯ ಸಾಮಾನನ್ನು ಎಲ್ಲಿ, ಯಾವ ದಿನ ಕೊಡಬೇಕೆಂದು ತಿಳಿಸಿದರು. ಸೂಜಿಗಳ ಬಾಟಲಿಗಳನ್ನು ಹತ್ತಿರದ ಡಾಕ್ಟರರು ತಮ್ಮ ಆಸ್ಪತ್ರೆಯ ಸೂಜಿಗಳೊಂದಿಗೆ ಕಳಿಸಲು ಒಪ್ಪಿಕೊಂಡರು. ನಮ್ಮ ಅಟ್ಟದ ಮೇಲಿನ ನಾಲ್ಕೈದು ಕಿಲೋ ಕೊನೆಗೂ ಕೆಳಗಿಳಿಯಿತು.

ಅಲ್ಲಿಂದ ಮುಂದೆ ಅದರ ಗತಿಯೇನೆಂದು ವಾಚಕರು ಕೇಳಬಹುದು. ಅಪಾಯಕಾರಿ ತ್ಯಾಜ್ಯಕ್ಕೆಂದೇ ಪುಣೆ ಜಿಲ್ಲೆಯ ರಾಂಜಣಗಾಂವಿನಲ್ಲಿ, ನಮ್ಮ ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಕೇಂದ್ರಗಳಿವೆ. ಸುಡತಕ್ಕದ್ದನ್ನು ಅತಿ ಹೆಚ್ಚು ಉಷ್ಣತೆಯ ಕುಲುಮೆಯಲ್ಲಿ ಸುಡುತ್ತಾರೆ. ಹೂಳತಕ್ಕದ್ದನ್ನು ಸುಣ್ಣ, ಸಿಮೆಂಟಿನೊಡನೆ ಬೆರೆಸಿ ಗಟ್ಟಿ ಮಾಡಿ, ಜೇಡಿಮಣ್ಣು ಮತ್ತು ಪ್ಲಾಸ್ಟಿಕ್ ಹಾಳೆಯ ಪದರ ಹಾಸಿದ ಗುಂಡಿಯಲ್ಲಿ ಇಡುತ್ತಾರೆ. ಬ್ಯಾಟರಿ ಮತ್ತು ಟ್ಯೂಬ್‌ಲೈಟುಗಳನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಸೂಜಿಗಳನ್ನು ದಪ್ಪ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯಿರಿ. ಥರ್ಮಾಮೀಟರು ಒಡೆದರೆ ಕಸಬರಿಗೆ ಮುಟ್ಟಿಸದೆ, ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಪಾದರಸದ ಹನಿಗಳನ್ನು ಕೂಡಿಸಿ ಬಾಟಲಿಗೆ ತುಂಬಿರಿ. ಊರಿನ ಹೊಲದಲ್ಲಿ ಎಣ್ಣೆ ಹೊಡೆದ ಡಬ್ಬಿಯನ್ನು ತೊಳೆದು ನೀರು ತುಂಬಿಡುವ ರೂಢಿ ಇದ್ದರೆ, ಮುಂದಿನ ಸಲ ಹೋದಾಗ ಬಿಡಿಸಿರಿ. ಮತ್ತು ಪ್ರತಿ ಕಟ್ಟಡದಿಂದ ಒಂದು ಅರ್ಜಿ ನಿಮ್ಮ ನಿಮ್ಮ ವಾರ್ಡ್ ಕಚೇರಿಗೆ ಹೋಗಲಿ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಅದರ ನಕಲು ನಮ್ಮಲ್ಲಿದೆ. ಕೇಳಿದವರಿಗೆ ಸಂತೋಷದಿಂದ ಕೊಡುತ್ತೇವೆ. ಸಹಿ ಮಾತ್ರ ತಾವೇ ಮಾಡಬೇಕು.