ಬ್ಯಾಟರಿ ಎಲ್ಲಿ ಕೂಡಬೇಕು

ಹುಲಗೂರು, 9 ಆಗಸ್ಟ್ 2025, ಶನಿವಾರ

ತಂಗಿಯ ಮಗಳು ತನ್ನ ರೋಬೋವನ್ನು ತಂದು ನನ್ನ ಅಂಗಡಿಯ ಮೋಟಾರ್ ರಿವೈಂಡಿಂಗ್ ಟೇಬಲ್ ಮೇಲಿಟ್ಟಳು. 23ಕ್ಕೆ ರಾಷ್ಟ್ರೀಯ ಬಾಹ್ಯಾಕಾಶ ದಿನ. ಶಾಲೆಯಲ್ಲಿ ಇದು ಪ್ಲೈವುಡ್ ಇಳಿಜಾರು ಹತ್ತಿ ತೋರಿಸಬೇಕಂತೆ. ಸಾಮಾನೆಲ್ಲ ಹುಬ್ಬಳ್ಳಿಯದು. ಹಿಂದೆ ಹಳದಿ ಗೇರ್ ಮೋಟಾರಿನ ಎರಡು ಗಾಲಿ, ಮುಂದೊಂದು ಕ್ಯಾಸ್ಟರ್, ಎರಡು ಅಂತಸ್ತಿನ ಅಕ್ರಿಲಿಕ್ ತಟ್ಟೆ, ಆರ್ಡುಯಿನೋ, ಕಂಬದ ತುದಿಗೆ ಅಲ್ಟ್ರಾಸಾನಿಕ್ ಸೆನ್ಸರ್. ಬ್ಯಾಟರಿ ಮೇಲಂತಸ್ತಿನಲ್ಲಿ, ಮುಂದುಗಡೆ. ಬಿಚ್ಚಿ ಚಾರ್ಜಿಗೆ ಹಾಕಲು ಸಲೀಸು ಅಂತ.

ಪರಸಿ ಮೇಲೆ ಚೆಂದ ಓಡುತ್ತದೆ. ಇಳಿಜಾರಿಗಿಟ್ಟರೆ ಗಾಲಿ ನಿಂತಲ್ಲೇ ಗರಗರ. ಹತ್ತುವಾಗ ಕೊಂಚ ಅಡ್ಡ ತಿರುಗಿತೋ, ಮಗ್ಗುಲಾಗಿ ಬೀಳುತ್ತದೆ.

"ಮಾಮಾ, ತಳಕ್ಕ ಒಂದೀಟು ಕಬ್ಬಣ ಕಟ್ಟೂಣೇನು?" ಅಂದಳು. ಅಂಗಡಿಯಲ್ಲಿ ಹಳೆ ಮೋಟಾರಿನ ಸ್ಟ್ಯಾಂಪಿಂಗ್ ತಗಡು ಬೇಕಾದಷ್ಟು ಬಿದ್ದಿದೆ. ಬೇಡ ಅಂದೆ. ಆ ಪುಟ್ಟ ಮೋಟಾರುಗಳಿಗೆ ಈಗಿನ ಭಾರವೇ ಹೆಚ್ಚು. ಭಾರ ಸಾಲದೆ ಬೀಳುತ್ತಿಲ್ಲ ಅದು, ಇರಬಾರದ ಕಡೆ ಇದ್ದು ಬೀಳುತ್ತಿದೆ.

10 ಆಗಸ್ಟ್, ರವಿವಾರ

ಅಂಗಡಿ ಬಂದ್. ತಾಮ್ರದ ತಂತಿ ತೂಗುವ ಡಿಜಿಟಲ್ ತಕ್ಕಡಿ ಇವತ್ತು ಬೇರೆ ಕೆಲಸಕ್ಕೆ ಬಂತು. ಇಡೀ ರೋಬೋ 620 ಗ್ರಾಂ. ಆಮೇಲೆ ಕ್ಯಾಸ್ಟರನ್ನಷ್ಟೇ ತಕ್ಕಡಿಗೆ ಕೊಟ್ಟು, ಹಿಂದಿನ ಗಾಲಿಗಳನ್ನು ಅದೇ ಎತ್ತರದ ಪುಸ್ತಕಗಳ ಮೇಲೆ ನಿಲ್ಲಿಸಿದೆವು. 280 ಗ್ರಾಂ. ಓಡಿಸುವ ಗಾಲಿ ಹಿಂದಿದ್ದರೂ ಹತ್ತಿರ ಹತ್ತಿರ ಅರ್ಧ ಭಾರ ಸುಮ್ಮನೆ ಉರುಳುವ ಕ್ಯಾಸ್ಟರಿನ ಮೇಲೆ. ಹಿಂದಿನ ಗಾಲಿ ನೆಲವನ್ನು ಹಿಡಿಯುವುದಾದರೂ ಹೇಗೆ?

ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. "ಮುಂಭಾರ ಆಗೇತಿ ಬಿಡ. ಚಕ್ಕಡಿ ಹೇರೂವಾಗ ನಾವೇನ್ ತಕ್ಕಡಿ ಇಟಗೊಂಡಿದ್ವೇನು? ಮುಂಭಾರ ಆದ್ರ ಎತ್ತಿನ ಹೆಗಲು ಕುಸೀತಿತ್ತು, ಹಿಂಭಾರ ಆದ್ರ ನೊಗ ಮ್ಯಾಲೆದ್ದು ಕೊರಳು ಬಿಗೀತಿತ್ತು." ಚಕ್ಕಡಿಗಿರುವುದು ಎರಡೇ ಗಾಲಿ, ತಪ್ಪಿದರೆ ಎತ್ತು ಕೂಡಲೇ ಹೇಳುತ್ತದೆ. ಇದಕ್ಕೆ ಹೇಳುವವರಿಲ್ಲ, ಲೆಕ್ಕವೇ ಹೇಳಬೇಕು.

ಹಿಂದಿನ ಗಾಲಿಗಳ ಅಚ್ಚಿನಿಂದ ಕ್ಯಾಸ್ಟರಿಗೆ 13 ಸೆಂ.ಮೀ. ಅದನ್ನು 280ರಿಂದ ಗುಣಿಸಿ 620ರಿಂದ ಭಾಗಿಸಿದರೆ 5.9. ಗುರುತ್ವ ಕೇಂದ್ರ ಅಚ್ಚಿನಿಂದ ಅಷ್ಟು ಮುಂದಿದೆ.

ಮಗ್ಗುಲಾಗುವ ಗುಟ್ಟೂ ಇಲ್ಲೇ ಸಿಕ್ಕಿತು. ಗಾಲಿಗಳು ನೆಲ ಮುಟ್ಟುವ ಮೂರು ಜಾಗ ಸೇರಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಹಿಂದಿನ ಗಾಲಿಗಳ ನಡುವೆ 14 ಸೆಂ.ಮೀ. ಇದೆ ಎಂದು ಹುಡುಗಿ ನೆಚ್ಚಿಕೊಂಡಿದ್ದಳು. ಆದರೆ ರೋಬೋ ನಿಂತಿರುವುದು ತ್ರಿಕೋನದ ಮೇಲೆ, ಅದು ಕ್ಯಾಸ್ಟರಿನತ್ತ ಹೋದಹಾಗೆಲ್ಲ ಕಿರಿದಾಗುತ್ತದೆ. ಗುರುತ್ವ ಕೇಂದ್ರದ ಕೆಳಗೆ ನಡುಗೆರೆಯಿಂದ ಅಂಚಿಗೆ ಉಳಿದದ್ದು 3.8 ಮಾತ್ರ. ದರ್ಗಾದ ಕಡೆಯ ಬಡಿಗೇರ ಅಂಗಡಿಯಿಂದ ತಂದ ಹಲಗೆಯ ಮೇಲೆ ರೋಬೋವನ್ನು ಅಡ್ಡಲಾಗಿ ನಿಲ್ಲಿಸಿ, ಮೊಬೈಲಿನಲ್ಲಿ ಕೋನ ನೋಡುತ್ತ ಮೆಲ್ಲಗೆ ಎತ್ತಿದೆವು. ಸುಮಾರು 25 ಡಿಗ್ರಿಗೆ ಉರುಳಿತು. ಇದರಿಂದ ಗುರುತ್ವ ಕೇಂದ್ರದ ಎತ್ತರವೂ ಸಿಕ್ಕಿತು: 8 ಸೆಂ.ಮೀ.

14 ಆಗಸ್ಟ್

ಮಳೆ. ಪಂಪ್‌ಸೆಟ್ ಮೋಟಾರುಗಳ ಸಾಲು. ರೋಬೋ ಮುಟ್ಟಲಿಲ್ಲ.

17 ಆಗಸ್ಟ್, ರವಿವಾರ

ಬ್ಯಾಟರಿ ಜಾಗ ಬದಲಿಸಿದೆವು. ಹೋಲ್ಡರ್ ಸಮೇತ 95 ಗ್ರಾಂ. ಇಡೀ ರೋಬೋದಲ್ಲಿ ಇಷ್ಟು ತೂಕದ, ಬೇಕಾದಲ್ಲಿ ಇಡಬಹುದಾದ ಸಾಮಾನು ಇನ್ನೊಂದಿಲ್ಲ. ಸೆನ್ಸರ್ ತಿರುಗಿಸುವ ಸರ್ವೋ ಒಂಬತ್ತು ಗ್ರಾಂ, ಸೆನ್ಸರ್ ಅದಕ್ಕೂ ಹಗುರ. ಅವನ್ನು ಸರಿಸಿದರೆ ಏನೂ ಆಗದು. 8 ಸೆಂ.ಮೀ. ಹಿಂದೆ, 7 ಸೆಂ.ಮೀ. ಕೆಳಗೆ, ತಳದ ತಟ್ಟೆಯ ಅಡಿಗೆ ಕಟ್ಟಿದೆವು. ಗುರುತ್ವ ಕೇಂದ್ರ 1.2 ಹಿಂದೆ ಬಂತು, 1.1 ಕೆಳಗಿಳಿಯಿತು. ಹಲಗೆಯನ್ನು 33 ಡಿಗ್ರಿವರೆಗೆ ಎತ್ತಿದರೂ ರೋಬೋ ಈಗ ತಾಳುತ್ತದೆ. ಒಂದು ಗ್ರಾಂ ಕಬ್ಬಿಣ ಸೇರಿಸಲಿಲ್ಲ. ವಿದ್ಯುತ್ ಕಾರಿನವರು ಬ್ಯಾಟರಿಯನ್ನು ನೆಲದಡಿ ಹಾಸುವ ಕಾರಣಗಳಲ್ಲಿ ಇದೂ ಒಂದು. ನನ್ನನ್ನು ಕೇಳಿದರೆ ಮೊದಲು ಬ್ಯಾಟರಿಗೆ ಜಾಗ ಗೊತ್ತುಮಾಡಬೇಕು, ಉಳಿದದ್ದನ್ನು ಆಮೇಲೆ ಕೂಡಿಸಬೇಕು. ಕಿಟ್ ಕಟ್ಟುವವರು ಮಾಡುವುದು ಉಲ್ಟಾ.

ತೀರ ಹಿಂದಕ್ಕೂ ತರುವಂತಿಲ್ಲ. ಏರುವಾಗ ಭಾರದ ಗೆರೆ ಅಚ್ಚು ದಾಟಿದರೆ ಮೂತಿ ಎತ್ತಿ ಹಿಂದಕ್ಕೆ ಪಲ್ಟಿ.

ಗಾಲಿ ಜಾರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ರಬ್ಬರಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಹತ್ತಿತು. ಎಲ್ಲವೂ ಗಣಿತವಲ್ಲ.

23 ಆಗಸ್ಟ್, ಶನಿವಾರ

ಹತ್ತಿತು. ಬೀಳಲಿಲ್ಲ.

2023ರಲ್ಲಿ ಇದೇ ದಿನ ನಮ್ಮ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದದ್ದು. ಅದರ ಪೆಟ್ಟಿಗೆ ಉದ್ದಗಲ 2 ಮೀಟರ್, ಎತ್ತರ 1.17ರಷ್ಟು, ಕುಳ್ಳ, ಅಗಲ ಕಾಲಿನದು. ಮರುವರ್ಷ ಫೆಬ್ರುವರಿಯಲ್ಲಿ ಅಮೆರಿಕದ ಒಡಿಸ್ಸಿಯಸ್ ನೌಕೆ ಅಲ್ಲೇ ಇಳಿದು ಮಗ್ಗುಲಾಯಿತು. ಅದು ಸುಮಾರು 4 ಮೀಟರ್ ಎತ್ತರ. ಹಾಗಂತ ಎತ್ತರವನ್ನೇ ದೂರುವುದು ನ್ಯಾಯವಲ್ಲ: ಎತ್ತರ ಅಳೆಯುವ ಲೇಸರ್ ಕೈಕೊಟ್ಟು ವೇಗವಾಗಿ ಇಳಿದಿತ್ತು, ಕಾಲೂ ಮುರಿದಿತ್ತು. ಇದನ್ನು ಹೇಳಿದರೆ ಹುಡುಗಿ, "ನಮ್ದಕ್ಕೂ ಕಾಲು ಅಗಲ ಮಾಡಬೋದಲ್ಲ" ಅಂದಳು. ಮಾಡಬಹುದು, ಆದರೆ ತಿರುಗಲು ಜಾಗ ಹೆಚ್ಚು ಬೇಕು.

ಈಗ ಮುಂದುಗಡೆ ಹಿಡಿಯುವ ಕೈ ಬೇಕಂತೆ. ಸರ್ವೋ, ಪಟ್ಟಿ ಸೇರಿ 60 ಗ್ರಾಂ ಅಂದುಕೊಂಡು, ಕ್ಯಾಸ್ಟರಿನಿಂದ 5 ಸೆಂ.ಮೀ. ಆಚೆ ಚಾಚಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಸಿದೆ. ಗುರುತ್ವ ಕೇಂದ್ರ ಅಚ್ಚಿನಿಂದ ಮತ್ತೆ 5.8 ಮುಂದೆ ಬಂತು. ಬ್ಯಾಟರಿ ಹಿಂದಕ್ಕೆ ಸರಿಸಿ ಗಳಿಸಿದ್ದು ಬಹುತೇಕ ಹೋಯಿತು. ಅದಕ್ಕೇ ಕೈಯನ್ನು ಹಿಂದಿನ ದೊಡ್ಡ ಗಾಲಿಗಳ ಕಡೆ ಕೂಡಿಸಿ, ಆ ಕಡೆಯನ್ನೇ ಮುಂದು ಮಾಡಿಕೊಳ್ಳಲು ಹೇಳಿದೆ. ಪ್ರೋಗ್ರಾಂ ತಿದ್ದಬೇಕೋ, ಮೋಟಾರಿನ ವೈರ್ ಅದಲುಬದಲು ಮಾಡಿದರೆ ಸಾಕೋ ಎಂದು ಅವಳ ವಾದ ನಡೆದಿದೆ. ವೈರೇ ಸುಲಭ.