ಹನ್ನೊಂದು ತಿಂಗಳ ಕರಾರು

ಡೊಂಬಿವಲಿಯಲ್ಲಿ ಬಾಡಿಗೆ ಮನೆ ಹುಡುಕಿದವರೆಲ್ಲ ಹನ್ನೊಂದು ತಿಂಗಳ ಕರಾರನ್ನು ಬಲ್ಲರು. 'ಲೀವ್ ಆಂಡ್ ಲೈಸೆನ್ಸ್' ಎಂದು ಅದರ ಹೆಸರು. ಅಂದರೆ ಇರಬಹುದು, ಹಕ್ಕಿಲ್ಲ. ಊರಿನಿಂದ ಒಂದು ಟ್ರಂಕು ಹಿಡಿದು ಬಂದ ನಾವೂ ಇಂಥ ನಾಲ್ಕು ಕರಾರುಗಳನ್ನು ಮುಗಿಸಿ, ಸಾಲ ಮಾಡಿ, ಎರಡು ಕೋಣೆಗಳ ಸ್ವಂತ ಮನೆ ಮಾಡಿಕೊಂಡೆವು. ಸೊಸೈಟಿಯ ಶೇರು ಪತ್ರ ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಹಚ್ಚಿದ್ದರು. ಇನ್ನು ನಮ್ಮನ್ನು ಯಾರೂ ಎಬ್ಬಿಸುವಂತಿಲ್ಲ ಎಂದುಕೊಂಡೆವು.

ಅಮ್ಮನಿಗೆ ಬೀಸುವ ಹಾಡು, ಹಸೆಗೆ ಕರೆಯುವ ಹಾಡು, ಬಾಣಂತಿ ಕಷಾಯಗಳ ಲೆಕ್ಕ ಎಲ್ಲವೂ ಬಾಯಲ್ಲೇ. ಅವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆವು. 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಆ ಮಳೆಯಲ್ಲಿ, ಪುಸ್ತಕ ಕಲ್ಯಾಣದ ತಂಗಿಯ ಮನೆಯಲ್ಲಿತ್ತು. ನೀರಿಳಿದಾಗ ಹಾಳೆಗಳು ಮುದ್ದೆಯಾಗಿದ್ದುವು. "ನನ್ನ ತಲೆಗೇನೂ ನೀರು ನುಗ್ಗಿಲ್ಲವಲ್ಲ, ಮತ್ತೆ ಬರೆದುಕೊಳ್ಳಿ" ಎಂದರು ಅಮ್ಮ. ಈ ಸಲ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ನಿಶ್ಚಿಂತರಾದೆವು. 2011ರಲ್ಲಿ ಅಮ್ಮ ತೀರಿಕೊಂಡರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ನವಿ ಮುಂಬಯಿಯ ಐರೋಲಿಯಲ್ಲಿ ಕೆಲಸ ಮಾಡುವ ಮಗ, "ಹೊಸ ಯಂತ್ರ ಕೊಳ್ಳಿ, ಎಲ್ಲವನ್ನೂ 'ಕ್ಲೌಡ್'ಗೆ ಏರಿಸಿ, ತಿಂಗಳಿಗಿಷ್ಟು ಕಟ್ಟಿದರಾಯಿತು" ಎಂದ. ಬರೆಯುವ ತಂತ್ರಾಂಶಕ್ಕೆ ವರ್ಷದ ಬಾಡಿಗೆ, ಚಿತ್ರಗಳಿಗೆ ತಿಂಗಳ ಬಾಡಿಗೆ. ಕಟ್ಟುವುದನ್ನು ನಿಲ್ಲಿಸಿದರೆ? ಮಗ ತಡವರಿಸಿದ. ಕರಾರು ಓದಿದೆವು. ಅಲ್ಲಿಯೂ 'ಲೈಸೆನ್ಸ್' ಎಂಬ ಅದೇ ಪದ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸ್ಥಳಾಂತರಕ್ಕೆ ಮುಂಚೆ ಅಮ್ಮನ ಕಡತವನ್ನು ಮಗನ ಯಂತ್ರದಲ್ಲಿ ತೆರೆದು ನೋಡಿದೆವು. ಒಂದು ಅಕ್ಷರವೂ ಕನ್ನಡವಲ್ಲ! ನಾವು ಅಂದು ಬಳಸಿದ ತಂತ್ರಾಂಶ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ವೇಷ ತೊಡಿಸಿತ್ತು. ಆ ಫಾಂಟು ಇಲ್ಲದ ಕಡೆ ವೇಷ ಕಳಚಿತ್ತು. ಹಾಡು ನಮ್ಮದೇ, ಪೆಟ್ಟಿಗೆ ನಮ್ಮದೇ. ಬೀಗದ ಕೈ ಮಾತ್ರ ಪರರದು.

ಥಾಣೆಯ ಗೆಳೆಯರೊಬ್ಬರ ಮಗಳು ಒಂದು ಭಾನುವಾರ ಬಂದು ಹಳೆಯ ಯಂತ್ರದಲ್ಲೇ ಲಿನಕ್ಸ್, ಲಿಬ್ರೆ ಆಫೀಸ್ ಹಾಕಿಕೊಟ್ಟಳು. ಬಾಡಿಗೆಯಿಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಆರಂಭಿಸಿದ. ಕನ್ನಡಕ್ಕೆ ತನ್ನದೇ ಸಂಕೇತಗಳನ್ನು ಕೊಟ್ಟ ಯೂನಿಕೋಡಿನ ಮೊದಲ ಆವೃತ್ತಿಯೂ ಅದೇ ವರ್ಷದ್ದು. ಕನ್ನಡದ ಕೀಲಿಮಣೆ ವಿನ್ಯಾಸವನ್ನು ಕೊಟ್ಟ ಕೆ. ಪಿ. ರಾವ್ ಅವರಂತೂ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. ಮಾರಬಹುದಾಗಿದ್ದುದನ್ನು ಅವರು ಹಂಚಿದರು.

ಆ ಹುಡುಗಿಯೇ ಅಮ್ಮನ ಕಡತವನ್ನು ಯೂನಿಕೋಡಿಗೆ ತಿರುಗಿಸಿದಳು. ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನಪಲ್ಲಟವಾಗಿದ್ದುವು. ಮೂರು ತಿಂಗಳು ಕೂತು ತಿದ್ದಿದೆವು. ಒಂದು ಹಾಡಿನಲ್ಲಿ ಎರಡು ಪದಗಳು ಎಷ್ಟು ತಿಣುಕಿದರೂ ಬಿಡಿಸಲಾಗಲಿಲ್ಲ. ಕೇಳೋಣವೆಂದರೆ ಅಮ್ಮ ಇಲ್ಲ. ಆ ಜಾಗವನ್ನು ಖಾಲಿಯೇ ಬಿಟ್ಟಿದ್ದೇವೆ.

ನಾವು ಎಲ್ಲವನ್ನೂ ತೊರೆದು ಸಂನ್ಯಾಸಿಗಳಾದೆವೆಂದಲ್ಲ. ಮುದ್ರಣಯಂತ್ರ ಲಿನಕ್ಸಿನ ಮಾತು ಕೇಳಲು ಎರಡು ವಾರ ಸತಾಯಿಸಿತು. ಅಮೆರಿಕದ ಮಗಳಿಗೆ ಚಿತ್ರ ಕಳಿಸಲು ಇಂದಿಗೂ ಬಾಡಿಗೆಯ ಜಾಗವೇ. ಆದರೆ ಕಳೆದುಹೋದರೆ ಮತ್ತೆ ಬಾರದಂಥವು ಮಾತ್ರ ಈಗ ಮೂರು ಕಡೆ ಇವೆ: ನಮ್ಮ ಕಪಾಟಿನಲ್ಲಿ, ಐರೋಲಿಯಲ್ಲಿ, ಕಲ್ಯಾಣದ ತಂಗಿಯಲ್ಲಿ. ಆಕೆ ಈಗ ಮೂರನೆಯ ಮಾಳಿಗೆಯಲ್ಲಿದ್ದಾಳೆ!

ನಿಮ್ಮ ಮನೆಯಲ್ಲೂ ಹಳೆಯ ಸಿ.ಡಿ.ಗಳಿರಬಹುದು. ಬರುವ ಭಾನುವಾರ ಒಮ್ಮೆ ತೆರೆದು ನೋಡಿ. ಅಳಿಸಿಹೋದ ಪದವನ್ನು ಹೇಳಿಕೊಡಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ನೋಡಿ.