ಸಂಕ್ರಾಂತಿಯ ಬೆಂಡೆ

ತೋಟ ಮಾಡಬೇಕೆಂಬ ಆಸೆ ನನಗೆಂದೂ ಇರಲಿಲ್ಲ. ಕಚೇರಿಯಲ್ಲಿ ದಿನವಿಡೀ ಕಡತಗಳನ್ನು ಬೆಳೆಸುವ ಗುಮಾಸ್ತನಿಗೆ ಮನೆಗೆ ಬಂದ ಮೇಲೂ ಬೆಳೆಸುವ ಉಸಾಬರಿ ಏಕೆ? ಆದರೆ ಅಮ್ಮ ಬಂದು ಮೂರು ತಿಂಗಳಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಹಾಸನದ ಕಡೆಯ ನಮ್ಮ ಹಳ್ಳಿಯ ಮನೆಗೆ ಬೀಗ ಹಾಕಿಸಿ ನಾನೇ ಕರೆತಂದಿದ್ದೆ. ಅವಳಿಗೆ ಹಿಂದಿ ಬಾರದು. ರಾಮಕೃಷ್ಣಪುರದ ಕ್ವಾರ್ಟರ್ಸಿನ ಕಿಟಕಿಯ ಬಳಿ ಶಾಲು ಹೊದ್ದು ಕುಳಿತು ಮಂಜನ್ನು ನೋಡುವುದು, "ಯುಗಾದಿ ಹೊತ್ತಿಗೆ ನನ್ನನ್ನ ಊರಿಗೆ ಕಳಿಸಿಬಿಡಪ್ಪ" ಎನ್ನುವುದು, ಇಷ್ಟೇ ಅವಳ ದಿನಚರಿ. ನಮ್ಮದು ನೆಲಮಹಡಿ. ಹಿಂದುಗಡೆ ಬಟ್ಟೆ ಒಣಗಿಸುವಲ್ಲಿ ಹತ್ತಡಿಗೆ ಆರಡಿಯ ನೆಲವಿದೆ. ಆಗ ಅದು ನನ್ನ ಕಣ್ಣಿಗೆ ಬಿತ್ತು.

ಮಾತೆತ್ತಿದ್ದೇ ತಡ, ಅಮ್ಮ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ಬೆಂಡೆ, ಸೌತೆ, ಅಲಸಂದೆಯ ಬೀಜಗಳು. ಬೂದಿಯಲ್ಲಿ ಹೊರಳಿಸಿ ಇಟ್ಟವು. ಇವನ್ನು ತಂದಿದ್ದಾಳೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

2025ರ ಸಂಕ್ರಾಂತಿಯ ದಿನವೇ ಬಿತ್ತಿದೆವು. ಅಗೆದಾಗ ಮಣ್ಣಿಗಿಂತ ಹೆಚ್ಚಾಗಿ ಇಟ್ಟಿಗೆಯ ಚೂರು, ಸಿಮೆಂಟಿನ ಹೆಂಟೆ ಸಿಕ್ಕಿದವು. ಮೂರು ವಾರ ಕಳೆದರೂ ಒಂದು ಮೊಳಕೆಯಿಲ್ಲ. ಕೆದಕಿ ನೋಡಿದರೆ ಬೀಜ ಕೊಳೆತಿತ್ತು. ಬೆಂಡೆ ಮೊಳೆಯಬೇಕಾದರೆ ನೆಲ ಸುಮಾರು 20 ಡಿಗ್ರಿಗಿಂತ ಬೆಚ್ಚಗಿರಬೇಕು. ಜನವರಿಯ ದಿಲ್ಲಿಯಲ್ಲಿ ರಾತ್ರಿ ಏಳೆಂಟು ಡಿಗ್ರಿ. ಬಿ.ಎ. ಓದಿದ ನನಗೆ ಇದು ಹೊಳೆಯಲಿಲ್ಲ. ಅಮ್ಮ ಕೈ ತೊಳೆದುಕೊಂಡು, "ಈ ನೆಲಕ್ಕೆ ನಮ್ಮದು ಒಗ್ಗಲ್ಲ ಕಣೋ" ಎಂದಳು. ಅದು ಬೀಜದ ಮಾತಾಗಿರಲಿಲ್ಲ. ಮರುದಿನ ಏಪ್ರಿಲ್ ಒಂದಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೆಟ್ ಮಾಡಿಸಿದೆ.

ಮಹಡಿಯ ಮೇಲೆ ಹರಿಯಾಣದ ಮುದುಕಿಯೊಬ್ಬರಿದ್ದಾರೆ. ಅವರು ಒಂದು ದಿನ ಇಳಿದು ಬಂದು, ಮಣ್ಣನ್ನು ತೋರಿಸಿ, ಶಾಲು ಬಿಗಿಯಾಗಿ ಹೊದ್ದು, ಗಡಗಡ ನಡುಗಿ ತೋರಿಸಿ, "ಹೋಲಿ, ಹೋಲಿ" ಎಂದರು. ನಾನು ಅನುವಾದಿಸಲು ಬಾಯಿ ತೆರೆಯುವ ಮೊದಲೇ ಅಮ್ಮ, "ಮಣ್ಣಿಗೂ ಚಳಿಯಂತೆ. ಹೋಳಿ ಹೊತ್ತಿಗೆ ಹಾಕಬೇಕಂತೆ" ಎಂದಳು. ಆಮೇಲೆ ಅವರಿಬ್ಬರ ನಡುವೆ ನನಗೆ ಕೆಲಸವೇ ಉಳಿಯಲಿಲ್ಲ.

ಫೆಬ್ರವರಿಯ ಕೊನೆಗೆ ಪೂಸಾದ ಕೃಷಿ ಮೇಳಕ್ಕೆ ಹೋದೆ. ಈ ಪೂಸಾ ಎಂಬುದು ಬಿಹಾರದ ಒಂದು ಊರಿನ ಹೆಸರು. 1934ರ ಭೂಕಂಪದಲ್ಲಿ ಅಲ್ಲಿಯ ಕಟ್ಟಡ ಹಾಳಾಗಿ, ಸಂಸ್ಥೆ 1936ರಲ್ಲಿ ದಿಲ್ಲಿಗೆ ಬಂತು. ಬರುವಾಗ ಊರಿನ ಹೆಸರನ್ನೂ ಹೊತ್ತು ತಂದಿತು. ನಮ್ಮ ಸಂಘದ ಸದಸ್ಯತ್ವಕ್ಕೆ ಅರ್ಹ ಸಂಸ್ಥೆ! ಅಲ್ಲಿ ನನಗೆ ಸಿಕ್ಕಿದ್ದು 'ಅರ್ಕಾ ಅನಾಮಿಕಾ' ಎಂಬ ಬೆಂಡೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಸಿದ್ಧವಾದ ತಳಿ. ಎಲೆಯ ನರಗಳು ಹಳದಿಯಾಗುವ ನಂಜು ರೋಗವನ್ನು ತಡೆಯುತ್ತದಂತೆ. ಮನೆಗೆ ಬಂದು ತೋರಿಸಿದರೆ ಅಮ್ಮ ಮತ್ತೆ ಗಂಟು ಬಿಚ್ಚಿದಳು. ಅದರಲ್ಲಿ ಇನ್ನೂ ಒಂದು ಹಿಡಿ ಬೆಂಡೆಬೀಜವಿತ್ತು! "ಇದ್ದ ಬೀಜಾನೆಲ್ಲ ಒಂದೇ ಸಲ ಬಿತ್ತುತಾರೇನೋ?"

ಮಾರ್ಚ್ ಮೊದಲ ವಾರ ರಾತ್ರಿ ನೆನೆಹಾಕಿ ಎರಡು ಸಾಲು ಬಿತ್ತಿದೆವು; ಒಂದು ಊರಿನದು, ಒಂದು ಹೆಸರಘಟ್ಟದ್ದು. ಎಂಟನೆಯ ದಿನ ಮೊಳಕೆ ಬಂತು. ಹನ್ನೊಂದನೆಯ ದಿನ ಕೋತಿಗಳು ಬಂದವು. ತಿನ್ನಲಿಲ್ಲ, ಕಿತ್ತು, ಮೂಸಿ, ಬಿಸಾಡಿ ಹೋದವು. ಇಂಥ ಪರಿಶೀಲನೆ ನಮ್ಮ ಕಚೇರಿಯಲ್ಲೂ ಉಂಟು. ಉಳಿದ ಒಂಬತ್ತು ಸಸಿಗಳ ಮೇಲೆ ಹಳೆಯ ಸೊಳ್ಳೆಪರದೆ ಹೊದಿಸಿದೆವು.

ಮಾರ್ಚ್ 30, ಯುಗಾದಿ. ಹೋಳಿಗೆ ಊಟವಾಯಿತು. ಸಂಜೆ ಅಮ್ಮ ಪರದೆಯೆತ್ತಿ ಎಲೆಗಳನ್ನೆಣಿಸುತ್ತಿದ್ದಳು.

"ನಾನು ಹೋದರೆ ಇವಕ್ಕೆ ನೀರು ಹಾಕೋರು ಯಾರು?"

"ನಾನೇ ಹಾಕ್ತೀನಮ್ಮ."

ಮೇಲಧಿಕಾರಿಗಳು ನನ್ನ ಟಿಪ್ಪಣಿಯನ್ನು ನೋಡುವಂತೆ ನನ್ನನ್ನು ನೋಡಿದಳು. "ಟಿಕೆಟ್ಟು ವಾಪಸು ಮಾಡಿದರೆ ಎಷ್ಟು ದುಡ್ಡು ಹೋಗತ್ತೆ?"

ಎಷ್ಟು ಹೋಯಿತೆಂದು ನಾನು ಅವಳಿಗೆ ಈವರೆಗೂ ಹೇಳಿಲ್ಲ.

ಊರಿನ ಬೀಜದ ನಾಲ್ಕು ಗಿಡಗಳಿಗೆ ಹಳದಿ ರೋಗ ಹತ್ತಿತು. ಮೇ 2ರ ಮುಂಜಾನೆಯ ಬಿರುಗಾಳಿ ಮಳೆಗೆ ಇನ್ನೆರಡು ಮುರಿದವು. ಮೂರು ಗಿಡಗಳಿಂದ ಮೊದಲ ಸಲ ಹದಿನಾಲ್ಕು ಕಾಯಿ ಸಿಕ್ಕಿದವು. ಐದು ಮೇಲಿನ ಮನೆಗೆ, ಒಂಬತ್ತು ನಮ್ಮ ಗೊಜ್ಜಿಗೆ. "ಹೆಸರಘಟ್ಟದ್ದೂ ನಮ್ಮದೇ ತಾನೆ" ಎಂದು ಅಮ್ಮ ಬಡಿಸಿದಳು.

ಜುಲೈಯಲ್ಲಿ ಹೆಂಚು ಕೈಯಾಡಿಸಲೆಂದು ಊರಿಗೆ ಹೋದಳು. ಹೋದ ವಾರವೇ ಫೋನು ಬಂತು: "ದೀಪಾವಳಿಗೆ ಮುಂಚೆ ಬರ್ತೀನಿ. ಮೆಂತ್ಯ ಯಾವಾಗ ಬಿತ್ತೋದು ಅಂತ ಮೇಲಿನ ಮನೆಯಾಕೇನ ಕೇಳಿಡು. ನೀನೇ ಏನೂ ಬಿತ್ತಬೇಡ."